ನಾನು ಬೆಂಕಿ ಆರಿಸಿದ್ದು

ಬೆಂಕಿ ಆರಿಸುವುದು ಎಂದರೆ ನಂದಿಸುವುದು ಎಂದೇ ನಾನು ಇಷ್ಟು ವರ್ಷ ತಿಳಿದಿದ್ದೆ. ಅಂಗಡಿಗೆ ಹೋಗಿ, ಸಾಲಾಗಿ ಉರಿಯುತ್ತಿರುವ ಬೆಂಕಿಗಳ ಪೈಕಿ ನಮಗೊಪ್ಪುವ ಒಂದನ್ನು ಸೀರೆ ಆರಿಸಿದಂತೆ ಆರಿಸಿ ತರಬಹುದು ಎಂದು ಗೊತ್ತಾದದ್ದು ಅಮೆರಿಕದ ಆಲ್ಡಿ ಎಂಬ ಊರಿನಲ್ಲಿ ಮನೆ ಕೊಂಡ ಮೇಲೆ. ಅದು ಮೊದಲ ಆಘಾತ. ಮಿಕ್ಕವು ಅದರ ಸೆರಗು ಹಿಡಿದು ಬಂದವು.

ಮನೆಯೇನೋ ಚೆನ್ನಾಗಿತ್ತು. ಪೂರ್ವಕ್ಕೆ ಬಾಗಿಲು, ಬೇಕಾದಷ್ಟು ಬೆಳಕು. ಆದರೆ ಅಡುಗೆಮನೆಗೆ ಹೋಗಿ ಒಲೆ ಎಲ್ಲಿದೆ ಎಂದು ಹುಡುಕಿದರೆ, ಕಟ್ಟೆಯ ಮೇಲೆ ಒಂದು ಕಪ್ಪು ಗಾಜು ಮಲಗಿತ್ತು. ಅದೇ ಒಲೆಯಂತೆ. ಇಂಡಕ್ಷನ್.

“ಉರಿ ಎಲ್ಲಿಂದ ಬರುತ್ತೇರೀ?” ಎಂದೆ.

“ಉರಿ ಬರಲ್ಲ. ಅದೇ ಅದರ ಸ್ಪೆಷಾಲಿಟಿ. ನಾನೇ ಅಪ್‌ಗ್ರೇಡ್ ಮಾಡಿಸಿದ್ದು” ಎಂದರು ನಮ್ಮವರು. ಹೆಸರು ಕೃಷ್ಣಸ್ವಾಮಿ, ಪಕ್ಕದೂರು ಸ್ಟರ್ಲಿಂಗಿನ ಒಂದು ಡೇಟಾ ಸೆಂಟರಿನಲ್ಲಿ ಕೆಲಸ. ಅಲ್ಲಿನ ಯಂತ್ರಗಳು ಬಿಸಿಯಾಗದಂತೆ ಕಾಯುವುದೇ ಉದ್ಯೋಗವಾದ್ದರಿಂದ ಅವರಿಗೆ ಬಿಸಿ ಎಂದರೆ ಪರಮ ಶತ್ರು. (ಕಾಫಿಯೊಂದನ್ನು ಬಿಟ್ಟು. ಅದು ಮಾತ್ರ ನಾಲಗೆ ಸುಡಬೇಕು.)

“ಹಾಗಾದ್ರೆ ಗೃಹಪ್ರವೇಶದ ದಿನ ಹಾಲು ಎಲ್ಲಿ ಉಕ್ಕಿಸೋದು?”

“ಇದರ ಮೇಲೇ ಉಕ್ಕಿಸು. ಹಾಲಿಗೇನು ಗೊತ್ತಾಗುತ್ತೆ, ಕೆಳಗೆ ಉರಿ ಇದ್ಯೋ ಇಲ್ವೋ ಅಂತ?”

ಹಾಲಿಗೆ ಗೊತ್ತಾಗದಿರಬಹುದು. ನನಗೆ ಗೊತ್ತಾಗುತ್ತದಲ್ಲ! ಹೊಸ ಮನೆಯಲ್ಲಿ ಉರಿಯ ಮೇಲೆ ಹಾಲು ಉಕ್ಕಿ ಚೆಲ್ಲಿದರೆ ಅದು ಮನೆ; ಅಲ್ಲಿಯವರೆಗೆ ಬರೀ ಗೋಡೆ. ನಾನು ದೊಡ್ಡ ದೊಡ್ಡ ವ್ರತಗಳ ಗದ್ದಲದವಳಲ್ಲ. ದೇವರ ಮುಂದೆ ಒಂದು ದೀಪ, ಎರಡು ಮಾತು, ಅಷ್ಟೆ. ಹರ್ನ್‌ಡನ್ನಿನ ಬಾಡಿಗೆ ಮನೆಯಲ್ಲಿ ಇದ್ದಷ್ಟು ಕಾಲವೂ ಆ ಎರಡು ಮಾತಿನಲ್ಲಿ ಒಂದು ಇದೇ ಆಗಿತ್ತು: ಸ್ವಂತ ಮನೆಯಲ್ಲಿ, ನನ್ನ ಕೈಯಾರೆ, ಉರಿಯ ಮೇಲೆ ಹಾಲು ಉಕ್ಕಿಸುವಂತಾಗಲಿ. ಈಗ ನೋಡಿದರೆ ದೇವರು ಮನೆಯನ್ನು ಕೊಟ್ಟು ಉರಿಯನ್ನು ತಾನೇ ಇಟ್ಟುಕೊಂಡಿದ್ದ.

ನಾನು ವಾದಿಸಲಿಲ್ಲ. ನನ್ನ ಸ್ವಭಾವವೇ ಕೇಳಿಸಿಕೊಳ್ಳುವುದು. ಯಾರು ಏನು ಹೇಳಿದರೂ ತಲೆಯಾಡಿಸುತ್ತಾ ಕೊನೆಯವರೆಗೂ ಕೇಳುತ್ತೇನೆ. ಊರಿನ ಹೆಂಗಸರೆಲ್ಲ ತಮ್ಮ ತಮ್ಮ ಗಂಡಂದಿರ ಕಥೆಯನ್ನು ನನಗೇ ಫೋನ್ ಮಾಡಿ ಹೇಳುವುದು ಅದಕ್ಕೇ.

ಒಂದು ಸಂಜೆ ಇವರು, “ಫ್ಯಾಮಿಲಿ ರೂಮಿನ ಗೋಡೇಲಿ ಬಿಲ್ಡರ್ ಗೂಡು ಬಿಟ್ಟಿದ್ದಾನೆ. ಫೈರ್‌ಪ್ಲೇಸ್ ಸ್ವೀಟ್ ನಾವೇ ತರ್ಬೇಕು” ಎಂದರು.

“ಸ್ವೀಟ್ ಯಾಕೆ ಹೊರಗಿಂದ? ನಾನೇ ಮೈಸೂರ್‌ಪಾಕ್ ಮಾಡ್ತೀನಿ ಬಿಡಿ.”

ಮಗಳು ಶ್ರಾವಣಿ ಫೋನಿನಿಂದ ತಲೆಯೆತ್ತಿದಳು. “ಅಮ್ಮಾ, ಸ್ವೀಟ್ ಅಲ್ಲ. ಸ್ವೀಟ್!”

“ಅದನ್ನೇ ತಾನೇ ನಾನೂ ಹೇಳಿದ್ದು?”

“ನೋ! ಎಸ್ ಯು ಐ ಟಿ ಇ. ಲೈಕ್, ಒಂದು ಸೆಟ್.”

ಕೆಳಗಿನ ಕಲ್ಲು, ಸುತ್ತಲಿನ ಚೌಕಟ್ಟು, ಮೇಲಿನ ಹಲಗೆ, ಒಳಗೆ ಬೆಂಕಿ, ಇಷ್ಟೂ ಸೇರಿದ ಒಂದು ಕುಟುಂಬವಂತೆ ಅದು. ಬೆಂಕಿ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನನ್ನ ಮೈ ಜುಂ ಎಂದಿತು. ಉರಿ ಅಡುಗೆಮನೆಯಲ್ಲಿ ಇಲ್ಲದಿದ್ದರೇನು, ಪಕ್ಕದ ಕೋಣೆಗೆ ಬರುತ್ತಿದೆ! ಹಾಲನ್ನು ಅಲ್ಲೇ ಉಕ್ಕಿಸಿದರಾಯಿತು. ಈ ಯೋಜನೆಯನ್ನು ದೇವರಿಗೆ ಮಾತ್ರ ಹೇಳಿದೆ. ಇವರಿಗೆ ಹೇಳಿದ್ದರೆ ಪವರ್‌ಪಾಯಿಂಟ್ ಹಾಕಿ ತೋರಿಸು ಎನ್ನುತ್ತಿದ್ದರು.

ಅಂಗಡಿಯಲ್ಲಿ ನಮಗೆ ಸಿಕ್ಕವನು ಒಬ್ಬ ಎತ್ತರದ ಯುವಕ. ಬೆಂಕಿಯ ಬಗ್ಗೆ ಅವನು ಪುರಾಣಿಕರಂತೆ ಉಪನ್ಯಾಸ ಮಾಡಿದ. ನಾನು ತಲೆಯಾಡಿಸುತ್ತಾ ಕೇಳಿದೆ. ಅರ್ಧ ಅರ್ಥವಾಯಿತು; ಉಳಿದರ್ಧವನ್ನು ಊಹಿಸಿದೆ.

ಮೊದಲು ಒಂದು ಗ್ಯಾಸಿನದನ್ನು ತೋರಿಸಿದ. ಅಂದು ಏನೋ ರಿಪೇರಿ ಇದ್ದುದರಿಂದ ಅದನ್ನು ಹೊತ್ತಿಸಿರಲಿಲ್ಲ. ಒಳಗೆ ಕಟ್ಟಿಗೆ ಪೇರಿಸಿತ್ತು. ಬಗ್ಗಿ ಬೆರಳಿನಿಂದ ತಟ್ಟಿದೆ. ಟಣ್ ಎಂದಿತು! ಸಿಮೆಂಟಿನ ಕಟ್ಟಿಗೆ! ನನಗೆ ಗಾಬರಿಯೇ ಆಯಿತು. ಸಿಮೆಂಟನ್ನು ಸುಟ್ಟರೆ ಏನು ಬರುತ್ತದೆ, ಫುಟ್‌ಪಾತೇ?

“ಇದೇ ತಗೊಳ್ಳೋಣ ಕಾತಿ” ಎಂದರು ಇವರು. ನನ್ನ ಹೆಸರು ಕಾತ್ಯಾಯಿನಿ. ಏನಾದರೂ ಒಪ್ಪಿಸಬೇಕಾದಾಗ ಕಾತಿ. “ಕರೆಂಟ್ ಹೋದ್ರೂ ಉರಿಯುತ್ತೆ.”

“ಬೆಂಕಿಗೂ ಕರೆಂಟಿಗೂ ಏನ್ರೀ ಸಂಬಂಧ?” ಎಂದೆ. ಅವರು ನನ್ನನ್ನು ಒಂದು ಥರ ನೋಡಿದರು.

ಅದರ ಪಕ್ಕದಲ್ಲಿತ್ತು ನೋಡಿ, ನನ್ನ ಬೆಂಕಿ. ಕೆಂಡ ನಿಗಿನಿಗಿ ಎನ್ನುತ್ತಿತ್ತು, ಜ್ವಾಲೆ ಬಳುಕುತ್ತಿತ್ತು, ಕಟ್ಟಿಗೆ ಚಟಚಟ ಸಿಡಿಯುತ್ತಿತ್ತು. ಕೈಯೊಡ್ಡಿದರೆ ಬೆಚ್ಚಗಿನ ಗಾಳಿ. ಹೊಗೆ ಮಾತ್ರ ಇರಲಿಲ್ಲ. ಅಮೆರಿಕದಲ್ಲಿ ಧೂಳೇ ಇಲ್ಲ, ಹೊಗೆ ಎಲ್ಲಿಂದ ಬರಬೇಕು ಎಂದುಕೊಂಡು ಮನಸ್ಸಿನಲ್ಲೇ ಕೈ ಮುಗಿದೆ.

“ದಿಸ್ ಈಸ್ ಅವರ್ ಮೋಸ್ಟ್ ರಿಯಲಿಸ್ಟಿಕ್ ಫೈರ್” ಎಂದ ಆ ಯುವಕ.

ಇಲ್ಲಿ ನನ್ನ ಇಂಗ್ಲಿಷಿನ ವಿಚಾರ ಸ್ವಲ್ಪ ಹೇಳಬೇಕು. ಅದು ಕಾಲೇಜಿನಲ್ಲಿ ಬಂದದ್ದಲ್ಲ. ಮಗಳ ಶಾಲೆಯ ಪುಸ್ತಕಗಳನ್ನು ಓದಿ ನಾನೇ ಕಲಿತದ್ದು. ವ್ಯಾಕರಣದಲ್ಲಿ ನಾನು ಗಟ್ಟಿ. ಟಾಲ್, ಟಾಲರ್, ಟಾಲೆಸ್ಟ್. ಅದೇ ಲೆಕ್ಕದಲ್ಲಿ ರಿಯಲ್, ರಿಯಲರ್, ರಿಯಲಿಸ್ಟ್. ಅದರ ಮೇಲೂ ಒಂದು ‘ಇಕ್’ ಸೇರಿಸಿ, ಮುಂದೆ ‘ಮೋಸ್ಟ್’ ಬೇರೆ ಹಚ್ಚಿದ್ದಾನೆ ಎಂದರೆ, ಇದಕ್ಕಿಂತ ನಿಜವಾದ ಬೆಂಕಿ ಮೂರು ಲೋಕದಲ್ಲೂ ಇಲ್ಲ ಎಂದೇ ಅರ್ಥವಲ್ಲವೇ?

“ಇದೇ” ಎಂದೆ.

“ಗ್ಯಾಸಿಂದು ಒಂದ್ಸಲ ಯೋಚನೆ ಮಾಡು...”

“ನಕಲಿ ಬೆಂಕಿ ನನ್ನ ಮನೆಗೆ ಬೇಡಾರೀ!” ಮದುವೆಯಾದಂದಿನಿಂದ ಅಂಗಡಿಯಲ್ಲಿ ನಾನು ದನಿ ಎತ್ತಿದ್ದು ಅದೇ ಮೊದಲು. ನಮ್ಮವರು ನನ್ನ ಮಾತು ಕೇಳಿದ್ದೂ ಅದೇ ಮೊದಲು. ಎರಡೂ ಒಂದೇ ದಿನ ಆಗಬಾರದಿತ್ತು.

ಗೃಹಪ್ರವೇಶದ ಬೆಳಿಗ್ಗೆ. ಹೊರಗೆ ಚಳಿ, ಒಳಗೆ ತುಂಬಾ ಜನ. ಪೂಜೆಗೆ ಬಂದವರು ಸೂರ್ಯನಾರಾಯಣ ಭಟ್ಟರು. ವಾರದ ದಿನಗಳಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್, ಶನಿವಾರ ಭಾನುವಾರ ಪೌರೋಹಿತ್ಯ. ಎದುರಿಗೆ ಕುರ್ಚಿಯಲ್ಲಿ ಅನಸೂಯ ಆಂಟಿ. ಅವರ ಯಜಮಾನರು ಇಲ್ಲಿ ಬಹಳ ಹಿಂದೆಯೇ ನೆಲೆಸಿದ ಡಾಕ್ಟರು. ಈ ಸೀಮೆಯಲ್ಲಿ ಯಾರ ಮನೆಯ ಹಾಲು ಯಾವ ದಿಕ್ಕಿಗೆ ಉಕ್ಕಿತು, ಆಮೇಲೆ ಆ ಮನೆಯಲ್ಲಿ ಯಾರಿಗೆ ಪ್ರಮೋಷನ್ ಆಯಿತು, ಎಲ್ಲ ಅವರ ಬಾಯಿಯಲ್ಲೇ ಇದೆ. ಪೂರ್ವಕ್ಕೆ ಉಕ್ಕಿದರೆ ಶ್ರೇಷ್ಠ. ದಕ್ಷಿಣಕ್ಕೆ ಉಕ್ಕಿದವರ ಹೆಸರನ್ನು ಅವರು ಪಿಸುದನಿಯಲ್ಲಿ ಹೇಳುತ್ತಾರೆ.

“ಹಾಲು ಇಡಿಯಮ್ಮ. ಮುಹೂರ್ತ ಮುಗಿಯೋದ್ರೊಳಗೆ ಉಕ್ಕಬೇಕು” ಎಂದರು ಭಟ್ಟರು.

ಎಲ್ಲರೂ ಅಡುಗೆಮನೆಯ ಕಡೆ ತಿರುಗಿದರು. ನಾನು ಗಂಭೀರವಾಗಿ ಫ್ಯಾಮಿಲಿ ರೂಮಿಗೆ ನಡೆದೆ. ಅಲ್ಲಿ ಇವರು ಮೊದಲೇ ಹೊತ್ತಿಸಿಟ್ಟಿದ್ದ ನನ್ನ ಅಗ್ನಿದೇವ ಧಗಧಗಿಸುತ್ತಿದ್ದ. ಅರಿಸಿನದ ದಾರ ಕಟ್ಟಿದ ಹಿತ್ತಾಳೆ ತಪ್ಪಲೆಯನ್ನು ಕಟ್ಟಿಗೆಯ ಮೇಲೆ ಇಟ್ಟು, ಕೈ ಸುಡದಂತೆ ಚಕ್ಕನೆ ಹಿಂದೆ ಸರಿದೆ. ಕಣ್ಣು ತುಂಬಿ ಬಂತು.

“ಆಹಾ, ಎಷ್ಟು ಸಾತ್ವಿಕ ಅಗ್ನಿ!” ಎಂದರು ಅನಸೂಯ ಆಂಟಿ. “ಹೊಗೆ ಅನ್ನೋದೇ ಇಲ್ಲ!”

ಭಟ್ಟರು ಮಂತ್ರ ಶುರು ಮಾಡಿದರು. ಮುಗಿಸಿದರು. ಹಾಲು ಕದಲಲಿಲ್ಲ. ಇನ್ನೊಂದು ಮಂತ್ರ ಹೇಳಿದರು. ಹಾಲು ಧ್ಯಾನಕ್ಕೆ ಕೂತಂತಿತ್ತು.

“ಯಾವ ಹಾಲಮ್ಮ?” ಎಂದರು ಆಂಟಿ.

“ಟೂ ಪರ್ಸೆಂಟು.”

“ಅದಕ್ಕೇ! ಕೆನೆ ತೆಗೆದ ಹಾಲಿಗೆ ಉಕ್ಕೋ ಶಕ್ತಿ ಎಲ್ಲಿದೆ ಪಾಪ. ಹೋಲ್ ಮಿಲ್ಕ್ ತರ್ಬಾರ್ದಿತ್ತಾ?”

ನಮ್ಮವರು ಜನರ ನಡುವೆ ದಾರಿ ಮಾಡಿಕೊಂಡು ಬಂದರು. ಗೂಡಿನೊಳಗಿನ ತಪ್ಪಲೆಯನ್ನು ನೋಡಿದರು, ನನ್ನನ್ನು ನೋಡಿದರು. ಅಷ್ಟರಲ್ಲಿ ಶ್ರಾವಣಿ, “ಅಮ್ಮಾ, ವಾಟ್ ಆರ್ ಯೂ ಡೂಯಿಂಗ್?” ಎನ್ನುತ್ತಾ ನೇರವಾಗಿ ಬಂದು, ಉರಿಯುವ ಬೆಂಕಿಯೊಳಗೆ ಮೊಣಕೈವರೆಗೆ ಕೈ ಹಾಕಿದಳು.

ನಾನು ಕಿರುಚಿದ ಕಿರುಚಿಗೆ ಭಟ್ಟರು ಕೈಯಲ್ಲಿದ್ದ ಅಕ್ಷತೆಯನ್ನೆಲ್ಲ ತಮ್ಮ ತಲೆಯ ಮೇಲೇ ಹಾಕಿಕೊಂಡರು. ನಾನು ಓಡಿ ಮಗಳ ಕೈ ಎಳೆದೆ. ಕೈ ತಣ್ಣಗಿತ್ತು. ಬಳೆ ಕೂಡ ತಣ್ಣಗಿತ್ತು.

“ಇಟ್ಸ್ ಜಸ್ಟ್ ಲೈಟ್ಸ್, ಅಮ್ಮಾ. ಹೀಟರ್ ಆನ್ ಮಾಡಿಲ್ಲ” ಎಂದಳು.

“ಲೈಟಾ?”

“ಎಲೆಕ್ಟ್ರಿಕ್ ಕಣೇ” ಎಂದರು ನಮ್ಮವರು ಮೆಲ್ಲಗೆ. ಖಚಿತಪಡಿಸಲೆಂದೋ ಏನೋ ರಿಮೋಟ್ ಒತ್ತಿದರು. ನನ್ನ ಅಗ್ನಿದೇವ ನೀಲಿಯಾದ. ಆಮೇಲೆ ಹಸಿರಾದ. ಆಮೇಲೆ, ನೆರೆದ ಜನರ ಎದುರಿಗೆ, ನೇರಳೆಯಾದ.

“ಮೊದ್ಲೇ ಹೇಳ್ಬಾರ್ದಿತ್ತೇನ್ರೀ?”

“ಅವನು ಅರ್ಧ ಗಂಟೆ ಅದನ್ನೇ ಹೇಳ್ದ. ನೀನು ತಲೆಯಾಡಿಸ್ತಾನೇ ಇದ್ದೆ! ನಿಜವಾದ ಉರಿ ಬರೋದು ಗ್ಯಾಸಿಂದು. ತಗೊಳ್ಳೋಣ ಅಂದ್ರೆ ನಕಲಿ ಬೇಡ ಅಂದೆ. ನಿನಗೆ ಲೈಟಿಂಗ್ ಇಷ್ಟ ಆಗಿದೆ ಅಂದ್ಕೊಂಡೆ.”

“ಅವನು ರಿಯಲಿಸ್ಟಿಕ್ ಅಂದ!”

“ರಿಯಲಿಸ್ಟಿಕ್ ಅಂದ್ರೆ ರಿಯಲ್ ಅಲ್ಲ ಅಂತ ಅರ್ಥ.”

ಯಾವ ಭಾಷೆಯಪ್ಪಾ ಇದು! ಒಂದು ಪದಕ್ಕೆ ಬಾಲ ಹಚ್ಚಿದರೆ ಅದು ತನ್ನನ್ನೇ ಸುಳ್ಳು ಎಂದು ಒಪ್ಪಿಕೊಳ್ಳುತ್ತದೆಯೇ?

“ಮುಹೂರ್ತ ಮೀರ್ತಾ ಇದೆ” ಎಂದರು ಭಟ್ಟರು, ತಲೆಯಿಂದ ಅಕ್ಷತೆ ಕೊಡವುತ್ತಾ.

ತಪ್ಪಲೆ ಹಿಡಿದುಕೊಂಡು ಅಡುಗೆಮನೆಗೆ ಓಡಿದೆವು. ಕಪ್ಪು ಗಾಜಿನ ಮೇಲೆ ಇಟ್ಟರೆ ಅದು ಪಿಳಿಪಿಳಿ ಎಂದು ಕಣ್ಣು ಬಿಟ್ಟು ಸುಮ್ಮನಾಯಿತು. ಹಿತ್ತಾಳೆ ಅದಕ್ಕೆ ಪಾತ್ರೆಯೇ ಅಲ್ಲವಂತೆ! ನಮ್ಮ ಅತ್ತೆಯ ಕಾಲದ ತಪ್ಪಲೆಯನ್ನು ‘ನೀನು ಯಾರು’ ಎಂದು ಕೇಳುವ ಒಲೆ. ಬೇರೆ ಪಾತ್ರೆಗಳೆಲ್ಲ ಇನ್ನೂ ಹರ್ನ್‌ಡನ್ನಿನಲ್ಲಿ, ಕಟ್ಟಿಟ್ಟ ಪೆಟ್ಟಿಗೆಗಳ ಒಳಗೆ. ನಾನು ಕಟ್ಟೆಗೆ ಒರಗಿ ನಿಂತುಬಿಟ್ಟೆ. ಹಾಲು ಉಕ್ಕದ ಮನೆಯಲ್ಲಿ ನಾಳೆಯಿಂದ ಬಾಳುವುದು ಹೇಗೆ? ಎಷ್ಟು ವರ್ಷದಿಂದ ಕೇಳಿಕೊಂಡು ಬಂದದ್ದನ್ನು ನಾನೇ ಅಂಗಡಿಯಲ್ಲಿ ಬೇಡ ಎಂದು ಬಂದಿದ್ದೆ.

ಹಿಂದಿನಿಂದ ಬೀಪ್ ಬೀಪ್ ಎಂದು ಸದ್ದಾಯಿತು. ಶ್ರಾವಣಿ ಕಾಫಿಗೆಂದು ತಂದಿದ್ದ ಕಾಗದದ ಲೋಟಕ್ಕೆ ಹಾಲು ತುಂಬಿ ಮೈಕ್ರೊವೇವಿನಲ್ಲಿ ಇಟ್ಟಿದ್ದಳು.

“ಬೇಡ ಕಣೇ!” ಎನ್ನುವಷ್ಟರಲ್ಲಿ, ಟೂ ಪರ್ಸೆಂಟು ಹಾಲು, ತನ್ನ ಪೂರ್ವಜನ್ಮದ ಪುಣ್ಯವನ್ನೆಲ್ಲ ಒಟ್ಟುಗೂಡಿಸಿಕೊಂಡು, ಬುಸ್ಸೆಂದು ಉಕ್ಕಿತು.

“ಉಕ್ಕಿತು! ಉಕ್ಕಿತು!” ಎಂದು ಕೂಗಿದರು ನಮ್ಮವರು.

“ಯಾವ ದಿಕ್ಕಿಗೆ?” ಎಂದರು ಅನಸೂಯ ಆಂಟಿ, ಕುರ್ಚಿಯಿಂದಲೇ.

ಭಟ್ಟರು ಬಗ್ಗಿ, ಗಾಜಿನ ಬಾಗಿಲಿಗೆ ಮೂಗು ತಾಗಿಸಿ ನೋಡಿದರು. ಒಳಗೆ ತಟ್ಟೆ ತಿರುಗುತ್ತಿತ್ತು. ಲೋಟವೂ ತಿರುಗುತ್ತಿತ್ತು. ಹಾಲು ತಿರುಗುತ್ತಾ ಉಕ್ಕುತ್ತಿತ್ತು. ಅವರು ಬಹಳ ಹೊತ್ತು ನೋಡಿ, ನೆಟ್ಟಗೆ ನಿಂತು, ನಡುಗುವ ದನಿಯಲ್ಲಿ ಘೋಷಿಸಿದರು: “ಅಷ್ಟದಿಕ್ಕಿಗೂ!”

ಮನೆಯೆಲ್ಲ ಚಪ್ಪಾಳೆ. “ನಮ್ಮನೇದು ಬರೀ ಈಶಾನ್ಯಕ್ಕೆ ಉಕ್ಕಿತ್ತು” ಎಂದರು ಆಂಟಿ, ಸ್ವಲ್ಪ ಸಪ್ಪಗೆ.

“ಭಟ್ಟರೇ, ಆದರೆ ಉರಿ...” ಎಂದೆ ನಾನು.

“ವಿದ್ಯುತ್ತೂ ಅಗ್ನಿಯ ರೂಪವೇ ಅಲ್ವೇನಮ್ಮ? ಕುಂಕುಮ ಇಟ್ಟು ನಮಸ್ಕಾರ ಮಾಡಿ.”

ನಕಲಿ ಬೆಂಕಿ ನನ್ನ ಮನೆಗೆ ಬೇಡ ಎಂದು ಅಂಗಡಿಯಲ್ಲಿ ಗುಡುಗಿದ್ದ ಕಾತ್ಯಾಯಿನಿ, ರೇಷ್ಮೆ ಸೀರೆಯ ಸೆರಗು ಹೊದ್ದು, ಬೆಂಕಿಯೇ ಇಲ್ಲದ ಒಂದು ಪೆಟ್ಟಿಗೆಗೆ ಕುಂಕುಮ ಇಟ್ಟು ಬಗ್ಗಿ ಕೈ ಮುಗಿದಳು. ಪೆಟ್ಟಿಗೆ ಟೀಂ ಟೀಂ ಎಂದಿತು. ಅದರ ಹಣೆಯ ಮೇಲೆ ಹಸಿರು ಅಕ್ಷರಗಳು ಹರಿದವು: ಎಂಜಾಯ್ ಯುವರ್ ಮೀಲ್. ಅದನ್ನೇ ಅಪ್ಪಣೆ ಎಂದು ತಿಳಿದ ಜನ ಊಟಕ್ಕೆ ಬೇಸ್‌ಮೆಂಟಿಗೆ ಇಳಿದರು.

ನಾನು ಒದ್ದೆ ಬಟ್ಟೆ ಹಿಡಿದು ಉಳಿದೆ. ಕೆಳಗಿನಿಂದ ಅನಸೂಯ ಆಂಟಿಯ ದನಿ ಬಂತು:

“ಕಾತ್ಯಾಯಿನೀ, ಮೊದಲು ನೈರುತ್ಯ ಒರೆಸಮ್ಮ! ಅಲ್ಲಿ ಹಾಲು ಒಣಗಿದ್ರೆ ಯಜಮಾನರ ಕೆಲಸಕ್ಕೆ ಒಳ್ಳೇದಲ್ಲ!”

ಆ ದುಂಡು ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಒಮ್ಮೆ ಹೀಗೆ ತಿರುಗಿಸಿದೆ, ಒಮ್ಮೆ ಹಾಗೆ ತಿರುಗಿಸಿದೆ.

“ರೀ,” ಎಂದು ಕೂಗಿದೆ, “ಇದರಲ್ಲಿ ನೈರುತ್ಯ ಯಾವುದ್ರೀ?”