ಮೂರು ಗುಂಡುಗಳ ಮೇಲೆ ಮೌನಾಚಾರ್ಯನ ದಂಡಯಾತ್ರೆ

ಪ್ಲಾಸ್ಟಿಕ್ಕಿನ ಈ ಮಹಾಯುಗದಲ್ಲಿ, ಶಸ್ತ್ರಚಿಕಿತ್ಸೆಯ ವಾರ್ಡೆಂಬ ಸಮರಾಂಗಣದ ಏಳನೆಯ ಮಂಚವನ್ನಲಂಕರಿಸಿದ, ಅಕ್ಕಸಾಲಿಗವಂಶಾವತಂಸನೂ ನಾಸಿಕಾಗ್ರನಿಹಿತೋಪನೇತ್ರನೂ ಅಭಿನವಸೀವನಭೂಷಿತೋದರನೂ ಆದ ಮೌನಾಚಾರ್ಯನ ಉಸಿರಿನ ಕಥೆಯನ್ನು ಹೇಳಹೊರಟಿದ್ದೇನೆ. ತಾಯೀ ವಾಗ್ದೇವಿ, ನನಗೂ ಒಂದಿಷ್ಟು ಉಸಿರು ಕೊಡು. ಮೊದಲ ವಾಕ್ಯಕ್ಕೇ ಏದುಸಿರು ಬಂತು.

ಕರುಳಿನ ಗಡ್ಡೆ ತೆಗೆದು ಎರಡು ದಿನವಾಗಿತ್ತು. ನೋವಿಗಂಜಿ ವೀರನು ಮೇಲುಮೇಲೆ ಉಸಿರಾಡುತ್ತಿದ್ದನಾಗಿ, ಶ್ವಾಸಕೋಶದ ತಳದಲ್ಲಿ ಕಫಾಸುರನು ಬಿಡಾರ ಹೂಡಿದ್ದನು. ಆಗ ಫಿಸಿಯೋಥೆರಪಿಯ ರೆಹಾನಾ ಉಸಿರಿನ ವ್ಯಾಯಾಮದ ಒಂದು ಡಬ್ಬಿ ತಂದಿಟ್ಟಳು. ಅದರಲ್ಲಿ ಬಣ್ಣದ ಮೂರು ಗುಂಡು, ಪಕ್ಕಕ್ಕೊಂದು ಕೊಳವೆ.

"ಸಂಜೆ ಒಳಗೆ ಎರಡು ಗುಂಡಾದ್ರೂ ಮೇಲೇಳ್ಬೇಕು ಆಚಾರ್ರೇ. ಇಲ್ದಿದ್ರೆ ನ್ಯುಮೋನಿಯಾಗೆ ತಿರುಗುತ್ತೆ, ಮುಖಕ್ಕೆ ಮಾಸ್ಕ್ ಕಟ್ಟಿ ಮಿಷನ್ ಹಾಕ್ತಾರೆ."

ಪತ್ನಿ ಕಾಳಮ್ಮನ ಮುಖ ಬಿಳಿಚಿತು. ಪಕ್ಕದ ಮಂಚದವನನ್ನು ಹಾಗೆಯೇ ಐಸಿಯುಗೆ ಒಯ್ದದ್ದನ್ನು ಅವಳು ನಿನ್ನೆ ಕಂಡಿದ್ದಳು.

ವೀರನು ಅಟ್ಟಹಾಸಗೈದನು, ಹೊಲಿಗೆ ಎಳೆದದ್ದರಿಂದ ಅರ್ಧಕ್ಕೇ ನಿಲ್ಲಿಸಿದನು. "ನಲವತ್ತು ವರ್ಷ ಊದುಗೊಳವೆ ಊದಿ ಊರಿನ ಅರ್ಧ ತಾಳಿ ಬೆಸೆದೋನು ಕಣಮ್ಮ ನಾನು. ಈ ಗೋಲಿ ಯಾವ ಲೆಕ್ಕ?" ಎಂದು, ದಿಂಬೆಂಬ ಗುರಾಣಿಯನ್ನು ಹೊಟ್ಟೆಗೊತ್ತಿ, ಕೊಳವೆಯನ್ನು ಕಚ್ಚಿ ಊದಿದನು. ಗುಂಡುಗಳು ಅಲುಗಲಿಲ್ಲ. ಮತ್ತೂ ಊದಿದನು. ಕೊಳವೆಯೊಳಗೆ ಆವಿ ಕಟ್ಟಿತು, ಅಷ್ಟೇ.

"ಊದೋದಲ್ಲ, ಒಳಗೆ ಎಳೀಬೇಕು" ಎಂದಳು ರೆಹಾನಾ.

ಅಯ್ಯೋ, ಧರ್ಮಸಂಕಟವೆಂದರೆ ಇದು. ಎಂಟನೆಯ ವಯಸ್ಸಿನಲ್ಲಿ ಊದುಗೊಳವೆಯಿಂದ ಉಸಿರೆಳೆದು ಗಂಟಲು ಸುಟ್ಟುಕೊಂಡಾಗ, ತಂದೆಯು ಕಪಾಳಕ್ಕೆರಡು ಬಿಟ್ಟು, "ಕೊಳವೇಲಿ ಎಂದೂ ಎಳೀಬೇಡ" ಎಂದು ಉಪದೇಶಿಸಿದ್ದನು. ಅಂದಿನಿಂದ ತುಟಿಗೆ ಕೊಳವೆ ತಾಗಿದರೆ ಸಾಕು, ಗಂಟಲು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ನಾಲ್ಕು ಗಂಟೆಯಾಯಿತು, ಐದಾಯಿತು. ಜ್ವರ ಏರತೊಡಗಿತು.

ಕಾಳಮ್ಮ ಎದ್ದು ಬಂದಳು. "ರೀ, ಇಲ್ಲಿ ಬೆಂಕಿ ಇಲ್ಲ. ಮನೇಲಿ ಕಾಫೀನ ಬೀದಿಗೆಲ್ಲ ಕೇಳೋ ಹಾಗೆ ಸೊರ್ ಅಂತ ಹೀರ್ತೀರಲ್ಲ, ಹಾಗೆ ಹೀರಿ. ಮೂವತ್ತು ವರ್ಷ ಅದಕ್ಕೇ ಬೈದಿದೀನಿ. ಇವತ್ತು ನಾನೇ ಹೇಳ್ತಿದೀನಿ."

ಮೌನಾಚಾರ್ಯನು ಕಣ್ಣುಮುಚ್ಚಿ, ತಂದೆಗೆ ಮನದಲ್ಲೇ ಕೈಮುಗಿದು, ಹೀರಿದನು. ದಿಗ್ದಂತಿಗಳು ಬೆಚ್ಚುವಂತೆ, ಕನಿಷ್ಠಪಕ್ಷ ಮೂರನೆಯ ಮಂಚದ ಅಜ್ಜನಾದರೂ ಎಚ್ಚರಗೊಳ್ಳುವಂತೆ, ಸೊರ್ರೆಂದು ಹೀರಿದನು. ಒಂದು ಗುಂಡು ಎದ್ದಿತು. ಎರಡನೆಯದೂ ಎದ್ದಿತು. ಬೆನ್ನಿಗೇ ಕೆಮ್ಮು ಬಂದು, ಕಫಾಸುರನು ಸ್ಟೀಲ್ ಬೇಸಿನ್ನಿನಲ್ಲಿ ಚಮಚೆಯಷ್ಟಾಗಿ ಬಿದ್ದನು.

"ಸರಿ" ಎಂದು ರೆಹಾನಾ ಬರೆದುಕೊಂಡಳು. "ಇನ್ನು ಗಂಟೆಗೆ ಹತ್ತು ಸಲ ಮಾಡಿ."

ಕಾಳಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಗಂಡನ ಗಡ್ಡಕ್ಕಂಟಿದ ಎಂಜಲನ್ನೂ ಅದರಿಂದಲೇ ಒರೆಸಿದಳು.

"ಮನೆಗೆ ಬಂದ್ಮೇಲೆ ಕಾಫಿ ಮಾತ್ರ ಸದ್ದಿಲ್ದೆ ಕುಡೀಬೇಕು" ಎಂದಳು.