ನರಿಯೂ ನಂಬಿದ ದನಿ

ಹೆಮ್ಮೆ ವರದಿಗಾರನಿಗೆ ಒಪ್ಪುವ ಗುಣವಲ್ಲ. ಕಣ್ಣಾರೆ ಕಂಡ ಇಬ್ಬರ ಮಾತು ಒಂದಕ್ಕೊಂದು ಹೊಂದದೆ ಸುದ್ದಿ ಕಳುಹಿಸಬಾರದು, ವರದಿಗಾರ ತನ್ನ ವರದಿಯೊಳಗೆ ತಾನೇ ಕಾಲಿಡಬಾರದು ಎಂಬ ಎರಡು ನಿಯಮಗಳನ್ನು ನಮ್ಮ ಸಂಪಾದಕರು ನನಗೆ ಮೊದಲ ದಿನವೇ ಕಲಿಸಿದ್ದರು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಈ ನಾಲ್ಕು ತಾಲೂಕುಗಳಲ್ಲಿ ಕೆರೆ ಒಡೆದರೂ, ಸೇತುವೆ ಕುಸಿದರೂ, ಅಮಲ್ದಾರರು ಬಂದು ಹೋದರೂ ಈ ನಿಯಮ ಮೀರದೆ ಬರೆದವನು ನಾನು. ಆದರೆ ಹೆಮ್ಮೆ ಪಡುವಂಥ ಕೆಲಸವನ್ನು ವರದಿಗಾರನೇ ಮಾಡಿಬಿಟ್ಟರೆ ಗತಿಯೇನು ಎಂಬುದನ್ನು ಸಂಪಾದಕರು ಹೇಳಿಕೊಟ್ಟಿರಲಿಲ್ಲ. ಅಂಥ ಒಂದು ಕೆಲಸ ನನ್ನಿಂದ ಆಗಿದೆ. ಒಂದು ನರಿಯನ್ನು, ಅದೂ ಊರಿಗೆಲ್ಲ ಬುದ್ಧಿ ಕಲಿಸಿದ ನರಿಯನ್ನು, ನಾನು ಕರೆದು ಹಿಡಿದಿದ್ದೇನೆ.

ಆಗ ನಮ್ಮ ವಾಸ ವಕ್ಕಲೇರಿಯಲ್ಲಿ. ಮನೆಯಲ್ಲಿ ನಾನು, ಹೆಂಡತಿ, ಮಗ, ನಮ್ಮ ಅತ್ತೆ. ಅತ್ತೆ ಶ್ರೀನಿವಾಸಪುರದ ಕಡೆಯವರು. ಬರುವಾಗ ಒಂದು ಟ್ರಂಕು, ಹತ್ತು ಕೋಳಿ, ಬೇಕಾದಷ್ಟು ತೆಲುಗು ತಂದಿದ್ದರು. ಅಳಿಯನೊಡನೆ ಅತ್ತೆ ನೇರವಾಗಿ ಮಾತಾಡಬಾರದೆಂಬುದು ಅವರ ಮನೆತನದ ಕಟ್ಟು. ಆದ್ದರಿಂದ ಅವರು ಬಾಗಿಲ ಹಿಂದೆ ನಿಂತು ಮಗಳಿಗೆ ಹೇಳುವರು, ನಾನು ಕಂಬಕ್ಕೆ ಹೇಳುವೆನು. ಮಗಳು ಹತ್ತಿರದಲ್ಲಿ ಇಲ್ಲದಿದ್ದರೂ ಈ ಏರ್ಪಾಡು ನಡೆಯುತ್ತಿತ್ತು. ಮದುವೆಯಾದಂದಿನಿಂದ ಹೀಗೆ ಹನ್ನೆರಡು ವರ್ಷ ನಾನು ನಮ್ಮ ಅತ್ತೆಯನ್ನು ಕಂಡದ್ದಕ್ಕಿಂತ ಕೇಳಿದ್ದೇ ಹೆಚ್ಚು. ನಮ್ಮ ಮನೆಗೆ ಬಂದ ಹೊಸತರಲ್ಲಿ ಒಂದು ಸಂಜೆ ಬಾಗಿಲ ಹಿಂದಿನಿಂದ, "ಹಿತ್ತಲಾಗೆ ನಕ್ಕ, ನಕ್ಕ ಅಂತ ಹೇಳಮ್ಮ" ಎಂದು ಕೂಗಿದರು. ನಾನು ಕನ್ನಡದವನು, ಪೆನ್ನು ಕೆಳಗಿಟ್ಟು, "ಯಾರು ನಕ್ಕದ್ದು? ಯಾಕೆ ನಕ್ಕ?" ಎಂದು ಕಂಬವನ್ನು ಕೇಳಿದೆ. ನಕ್ಕ ಎಂದರೆ ತೆಲುಗಿನಲ್ಲಿ ನರಿ ಎಂದು ಹೆಂಡತಿ ಬಂದು ಅರ್ಥ ಹೇಳುವಷ್ಟರಲ್ಲಿ ಮೊದಲನೆಯ ಕೋಳಿ ಹಿಪ್ಪುನೇರಳೆ ತೋಟ ದಾಟಿತ್ತು.

ಆಮೇಲೆ ಒಂದೊಂದಾಗಿ ಇನ್ನೂ ಐದು ಹೋದವು. ಉಳಿದದ್ದು ಮೂರು ಹೇಟೆ, ಒಂದು ಕೆಂಪು ಹುಂಜ. ಹೇಟೆಗಳ ಮಾತು ಬೇರೆ, ಹುಂಜದ ಮಾತು ಬೇರೆ. ಮಗನಿಗೆ ವಿಷಮಜ್ವರ ಬಂದಾಗ ಅತ್ತೆ ಅದನ್ನೇ ಕೈಯಲ್ಲಿ ಹಿಡಿದು ಗ್ರಾಮದೇವತೆಗೆ ಹರಸಿಕೊಂಡಿದ್ದರು. ಜ್ವರ ಇಳಿಯಿತು, ಬರುವ ಭಾನುವಾರ ಹರಕೆ ಒಪ್ಪಿಸಬೇಕು. ಬೇರೆ ಹುಂಜ ಕೊಟ್ಟರೆ ಅಮ್ಮ ಒಪ್ಪಳು. ಹರಕೆಯ ಹುಂಜವನ್ನು ನರಿ ತಿಂದರೆ ಹುಡುಗನಿಗೆ ಏನಾದೀತೋ ಎಂದು ಅತ್ತೆ ಅನ್ನ ಬಿಟ್ಟರು, ನರಿಯನ್ನು ಬೈದು ಬೈದು ಗಂಟಲು ಕಟ್ಟಿಸಿಕೊಂಡರು. ಇಂಥ ಮಾತುಗಳನ್ನು ನಾನು ನಂಬುವವನಲ್ಲ. ಆದರೂ ಆ ವಾರ ಮಗನ ಹಣೆಯನ್ನು ದಿನಕ್ಕೆ ನಾಲ್ಕು ಸಲ ಮುಟ್ಟಿ ನೋಡಿದೆ.

ಮೊದಲು ಕಲಾಯಿ ಹುಸೇನ್ ಸಾಬರನ್ನು ಕರೆಸಿದೆ. ಪಾತ್ರೆಗೆ ಕಲಾಯಿ ಹಾಕುವುದು ಅವರ ಕಸುಬು, ನರಿ ಕರೆಯುವುದು ಅವರ ಹವ್ಯಾಸ. ಎರಡು ಹೆಬ್ಬೆರಳ ನಡುವೆ ಒಂದು ಎಲೆ ಇಟ್ಟು ಊದಿದರೆ ಮೊಲ ಸಿಕ್ಕಿಬಿದ್ದು ಕಿರುಚಿದಂತೆಯೇ ಕೇಳುತ್ತದೆ. ಎಂಥ ನರಿಯೂ ಓಡಿ ಬರುತ್ತದೆ ಎಂದು ಹೆಸರು. ಸಾಬರು ಊದಿದರು. ನರಿ ತೋಟದ ಅಂಚಿಗೆ ಬಂತು, ಕುಳಿತು ಪೂರ್ತಿ ಕೇಳಿತು, ಎದ್ದು ಹೋಯಿತು. ಮರುದಿನ ಆಡಿನ ಮರಿಯಂತೆ ಅರಚಿದರು. ಆಗ ಅದು ಕುಳಿತುಕೊಳ್ಳಲೂ ಇಲ್ಲ.

"ಅರೆ ಪೇಪರಣ್ಣ, ಈ ನರಿ ಓದಿರೋದು. ನನ್ ಮೊಲ ಎಲೇದು ಅಂತ ಅದಕ್ಕೆ ಗೊತ್ತು" ಎಂದು ಸಾಬರು ಎಲೆ ಬಿಸಾಡಿದರು.

ಪಕ್ಕದ ತೋಟದ ಮುನಿಯಪ್ಪ ನಕ್ಕ. ಇದು ಕನ್ನಡದ ನಕ್ಕ. "ಸಾಬ್ರೇ, ನಮ್ ಸ್ವಾಮೇರು ಪೇಪರ್‌ನಾಗೆ ಬರೀಲಿ ಬಿಡಿ. ಓದಿರೋ ನರಿ ಅಂದ್ರಲ್ಲ, ಓದ್ಕಂಡು ನಾಚ್ಕಂಡು ಹೋಗ್ತದೆ."

ಅವಮಾನವಾದಾಗ ನಾನು ನನ್ನ ನೋಟ್ ಪುಸ್ತಕ ತೆಗೆಯುತ್ತೇನೆ. ಯಾವ ಕೋಳಿ ಯಾವ ಸಂಜೆ ಹೋಯಿತು ಎಂದು ಅದರಲ್ಲಿ ಗುರುತು ಹಾಕಿದ್ದೆ. ಎಲ್ಲವೂ ಹೋದದ್ದು ಅತ್ತೆ ಕೋಳಿಗಳನ್ನು ಗೂಡಿಗೆ ಕರೆಯುವ ಹೊತ್ತಿನಲ್ಲಿ. ಅವರು ನಂಟರ ಮನೆಗೆಂದು ಕ್ಯಾಲನೂರಿಗೆ ಹೋಗಿದ್ದ ಎರಡು ಸಂಜೆ ನನ್ನ ಹೆಂಡತಿ ಕರೆದಿದ್ದಳು, ಆಗ ಒಂದೂ ಹೋಗಲಿಲ್ಲ. ಅತ್ತೆಗೆ ಗಂಟಲು ಕಟ್ಟಿದ ಮೇಲೂ ಒಂದೂ ಹೋಗಿಲ್ಲ. ಎರಡು ಸಲ ಓದಿದ ಮೇಲೆ ಸುದ್ದಿ ಹೊಳೆಯಿತು. ನರಿ ಬರುತ್ತಿದ್ದದ್ದು ಕೋಳಿಯ ವಾಸನೆಗಲ್ಲ, ಮೊಲದ ಕೂಗಿಗಲ್ಲ, ನಮ್ಮ ಅತ್ತೆಯ ದನಿಗೆ. ಆ ದನಿ ಎದ್ದರೆ ಕೋಳಿಗಳು ಒಂದೆಡೆ ಸೇರುತ್ತವೆ, ಕಾಯುವವಳು ಮಂಡಿನೋವಿನ ಮುದುಕಿ ಎಂದು ಅದು ಲೆಕ್ಕ ಹಾಕಿತ್ತು. ಆ ದನಿ ಈಗ ಲೋಕದಲ್ಲಿ ಇನ್ನೊಬ್ಬನಿಗೆ ಮಾತ್ರ ಬಾಯಿಪಾಠವಾಗಿತ್ತು.

ಶನಿವಾರ ಸಂಜೆ ಹೊತ್ತು ಮುಳುಗುವ ಮುಂಚೆ ಹೆಂಡತಿಯಿಂದ ಅತ್ತೆಯ ಕೆಂಪು ಸೀರೆ ಕೇಳಿ ಪಡೆದೆ. ಅವಳು ಏಕೆಂದು ಕೇಳಲಿಲ್ಲ. ಸೆರಗು ಹೊದಿಸುವಾಗ ಮಾತ್ರ, "ಮೀಸೆ ಮುಚ್ಕೊಳ್ಳಿ" ಎಂದಳು. ಖಾಲಿ ಕೊಟ್ಟಿಗೆಯ ಮೂಲೆಯಲ್ಲಿ ಹರಕೆಯ ಹುಂಜವನ್ನು ಮಂಕರಿಯಡಿ ಕವುಚಿ ಮೇಲೆ ರುಬ್ಬುಗುಂಡು ಹೇರಿದೆ. ಬಾಗಿಲ ಮೇಲೆ ಬಿದಿರು ತಡಿಕೆಯನ್ನು ಹಗ್ಗದಿಂದ ಎತ್ತಿ ಕಟ್ಟಿ, ಹಗ್ಗದ ತುದಿ ಹಿಡಿದು ಹೊರಗೋಡೆಗೆ ಒರಗಿ ಕುಳಿತೆ. ತಪ್ಪಿದರೆ ಹೋಗುವುದು ಹುಂಜವಷ್ಟೇ ಅಲ್ಲ ಎಂಬುದು ಹಗ್ಗ ಹಿಡಿದ ಕೈಗೆ ಗೊತ್ತಿತ್ತು.

"ಬಾಬಾಬಾ, ಬೊಬ್ಬೊಬ್ಬೋ" ಎಂದು ಕರೆದೆ. ದನಿ ಎಷ್ಟು ಸರಿಯಾಗಿತ್ತೆಂದರೆ ಅಂಗಳದ ಮೂರು ಹೇಟೆಗಳೂ ಬಂದು ನನ್ನ ಸುತ್ತ ನಿಂತವು. ನರಿ ತೋಟದ ಸಾಲಿನಿಂದ ಮೂತಿ ಹೊರಗಿಟ್ಟಿತು. ಅಲ್ಲಿಯೇ ನಿಂತಿತು. ಇನ್ನೆರಡು ಸಲ ಕರೆದೆ, ಅತ್ತೆಯಂತೆ ಕೆಮ್ಮಿದೆ. ಅದು ಒಂದು ಹೆಜ್ಜೆ ಹಿಂದೆ ಸರಿಯಿತು. ಊರ ಹೆಸರಿಲ್ಲದ ವರದಿಯನ್ನು ಸಂಪಾದಕರು ನೋಡುವ ಹಾಗೆ ನೋಡಿತು. ಏನೋ ಬಿಟ್ಟುಹೋಗಿದೆ. ಏನದು? ಥಟ್ಟನೆ ನೆನಪಾಯಿತು. ಕೋಳಿ ಕರೆದ ಮೇಲೆ ಅತ್ತೆ ದಿನವೂ ತಪ್ಪದೆ ಹೇಳುವ ಮಾತೊಂದಿತ್ತು. ಬೇರೆ ದಾರಿಯಿರಲಿಲ್ಲ. ಗಂಟಲು ಬಿಚ್ಚಿ ಹೇಳಿದೆ.

"ಗಂಡಸು ಅಂತ ಒಬ್ರವ್ರೆ ಮನೇಲಿ. ಕಾಗ್ದ ಗೀಚ್ಕಂಡು ಕುಂತವ್ರೆ. ನಕ್ಕ ಬಂದ್ರೂ ಅಷ್ಟೆ, ನಾಯಿ ಬಂದ್ರೂ ಅಷ್ಟೆ. ಏನ್ ಮಾಡ್ತಾರೆ ಅವ್ರು, ಪಾಪ."

ನರಿಯ ಕಿವಿ ಸಡಿಲವಾಯಿತು. ಎಲ್ಲ ಎಂದಿನಂತಿದೆ ಎಂದು ಅದಕ್ಕೆ ಖಾತ್ರಿಯಾಯಿತು. ಹೇಟೆಗಳು ಚೆದುರಿದವು, ಅದು ಅವುಗಳ ಕಡೆ ತಿರುಗದೆ, ಹುಂಜದ ಸದ್ದು ಹಿಡಿದು, ನನ್ನ ಪಕ್ಕದಲ್ಲೇ ಮರ್ಯಾದಸ್ಥನಂತೆ ನಡೆದು ಕೊಟ್ಟಿಗೆಯೊಳಗೆ ಹೋಯಿತು. ಹಗ್ಗ ಬಿಟ್ಟೆ. ತಡಿಕೆ ಬಿತ್ತು. ನಾನು ನೆರಿಗೆ ಎತ್ತಿಕೊಂಡು ಅಡಿಗೆಮನೆಗೆ ಓಡಿದೆ.

ಭಾನುವಾರ ಬೆಳಗ್ಗೆ ಎದ್ದ ಕೂಡಲೇ ನರಿಯ ಮುಖ ನೋಡಿದರೆ ಅದೃಷ್ಟವೆಂದು ಅರ್ಧ ಊರು ಕಣ್ಣು ಮುಚ್ಚಿಕೊಂಡೇ ನಮ್ಮ ಹಿತ್ತಲಿಗೆ ಬಂತು. ಅದೃಷ್ಟ ತರುವ ಪ್ರಾಣಿಯನ್ನು ಕೊಲ್ಲಬಾರದೆಂದು ಅದನ್ನು ಗಾಡಿಯಲ್ಲಿ ಸಾಗಿಸಿ ದೂರದ ಗುಡ್ಡದಲ್ಲಿ ಬಿಟ್ಟೆವು. ಹರಕೆ ಸಂದಿತು, ಮಗ ಒಂದು ಕಾಲು ಹೆಚ್ಚಾಗಿಯೇ ತಿಂದ. ನಾನು ಅಭ್ಯಾಸಬಲದಿಂದ ನೋಟ್ ಪುಸ್ತಕ ತೆಗೆದು, ನರಿ ಹಿಡಿದವರು ಯಾರೆಂದು ಸಾಬರನ್ನು ಕೇಳಿದೆ.

"ಇದೇನಣ್ಣ ಹಿಂಗ್ ಕೇಳ್ತೀರ? ನಿಮ್ ಅತ್ತೆಮ್ಮ. ವೇಮಗಲ್ಲಿಂದ ಬರ್ತಾ ನಾವಿಬ್ರೂ ಬದು ಮೇಲಿಂದ ನೋಡಿದ್ವಿ. ಕೆಂಪು ಸೀರೆ."

"ಬೈತಾ ಬೈತಾನೇ ಹಗ್ಗ ಬಿಟ್ರು ಸ್ವಾಮಿ" ಎಂದ ಮುನಿಯಪ್ಪ.

"ಆಗ ನಾನೆಲ್ಲಿದ್ದೆ?"

"ಒಳಗೆ ಕಾಗ್ದ ಗೀಚ್ತಾ ಇದ್ರಲ್ಲ. ಅವ್ರೇ ಕೂಗಿ ಹೇಳಿದ್ದು, ಕಿವಿಯಾರೆ ಕೇಳಿದ್ವಿ."

ಸಾಕ್ಷಿಗಳು ಇಬ್ಬರು, ಮಾತು ಒಂದೇ. ಎದುರು ಸಾಕ್ಷಿ ನಾನೊಬ್ಬನೇ. ಹೇಳಿದರೆ ಸೀರೆಯ ವಿಷಯವೂ ಹೇಳಬೇಕು. ಯುದ್ಧಕಾಲದ ಕಾಗದದ ಅಭಾವದಿಂದ ನನಗೆ ಸಿಗುತ್ತಿದ್ದದ್ದು ಮೂರು ಸಾಲು. ವಕ್ಕಲೇರಿಯ ವೃದ್ಧೆಯೊಬ್ಬರು ಒಬ್ಬರೇ ನರಿಯನ್ನು ಸೆರೆಹಿಡಿದರೆಂದು ನಿಯಮ ಮೀರದೆ ಬರೆದು ಕಳುಹಿಸಿದೆ. ಅಚ್ಚಾಗಿ ಬಂತು. ಹೆಂಡತಿ ಗಟ್ಟಿಯಾಗಿ ಓದಿದಳು.

"ಪೇಪರ್‌ನಾಗೆ ಸುಳ್ಳು ಬರೀತಾರಾ ಅಂತ ಕೇಳಮ್ಮ ನಿನ್ ಗಂಡನ್ನ" ಎಂದು ಬಾಗಿಲ ಹಿಂದಿನಿಂದ ದನಿ ಬಂತು. ಗಂಟಲು ಪೂರ್ತಿ ವಾಸಿಯಾಗಿತ್ತು.

"ಬರೆಯೋದಿಲ್ಲ ಅಂತ ಹೇಳು" ಎಂದು ಕಂಬಕ್ಕೆ ಹೇಳಿದೆ.

ಬಾಗಿಲ ಹಿಂದೆ ಯಾರೋ ನಕ್ಕರು. ಈ ಸಲ ಅರ್ಥ ಕೇಳಬೇಕಾಗಿ ಬರಲಿಲ್ಲ.