ಕುರಿಗೊಂದು ನರ

ಪಾಠ ನೆನಪಿಡಲೆಂದು ನಾನು ಹೇಳಿಕೊಡುವ ಉಪಾಯಗಳದ್ದು ಒಂದೇ ಹಣೆಬರಹ. ಪಾಠ ಮರೆತುಹೋಗುತ್ತದೆ, ಉಪಾಯ ಮಾತ್ರ ಗಟ್ಟಿಯಾಗಿ ಉಳಿಯುತ್ತದೆ. ತೆಲಂಗಾಣದ ಗಡಿಯ ಮಕ್ತಲ್‌ನ ಒಂದು ಜೂನಿಯರ್ ಕಾಲೇಜಿನಲ್ಲಿ ಹದಿನಾಲ್ಕು ವರ್ಷದಿಂದ ಜೀವಶಾಸ್ತ್ರ ಹೇಳುತ್ತಿದ್ದೇನೆ. ಪುಸ್ತಕ ಇಂಗ್ಲಿಷಿನದು, ನನ್ನ ವಿವರಣೆ ತೆಲುಗಿನದು, ಮಕ್ಕಳ ಜಗಳ ಕನ್ನಡದ್ದು, ರಜೆ ಬೇಕಾದರೆ ಬರೆಯುವುದು ಉರ್ದುವಿನ ದರಖಾಸ್ತು. ಇಷ್ಟರ ನಡುವೆ ಸಿಕ್ಕ ಎಲುಬು, ನರ, ಕರುಳುಗಳ ಗತಿ ದೇವರಿಗೇ ಪ್ರೀತಿ.

ಈಚೆಗೆ ನನ್ನ ನಿದ್ದೆ ಕೆಡಿಸಿದ್ದು ದಾಮರಗಿದ್ದ ಎಂಬ ಊರ ಕಡೆಯ ಒಬ್ಬ ಹುಡುಗಿ. ಕುರಿ ಸಾಕುವ ಮನೆಯವಳು. ಅವಳ ಅಪ್ಪ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಮೊದಲ ದಿನವೇ ಬಂದು ನಿಂತ.

"ಸರ, ಈಕಿ ಪಾಸಾದ್ರ ಗದ್ವಾಲಕ್ಕ ನರ್ಸಿಂಗ್ ಓದಾಕ ಕಳಸ್ತೀನಿ. ಫೇಲಾದ್ರ ಅಕ್ಕನ ಜೋಡಿ ಪುಣೆಕ್ಕ ಕಟ್ಟಡದ ಕೆಲಸಕ್ಕ ಹೋಗ್ತಾಳ. ಇನ್ನ ನೀವ್ ಏನ್ ಮಾಡ್ತೀರೋ ಮಾಡ್ರಿ."

ಹಾಗಂದವನೇ ಹೊರಟುಹೋದ. ಹುಡುಗಿ ಮುಂದಿನ ಬೆಂಚಿನಲ್ಲಿ ಕೂತಳು. ನಾನು ಏನು ಹೇಳಿದರೂ ನಂಬುತ್ತಿದ್ದಳು. ನನಗೆ ಭಯವಾಗಿದ್ದು ಅದಕ್ಕೇ.

ಕಿಟ್ಟಪ್ಪನ ಆಟೋ

ಪ್ರಾಣಿಗಳ ವರ್ಗೀಕರಣದಲ್ಲಿ ಏಳು ಮೆಟ್ಟಿಲು: ಕಿಂಗ್ಡಮ್, ಫೈಲಮ್, ಕ್ಲಾಸ್, ಆರ್ಡರ್, ಫ್ಯಾಮಿಲಿ, ಜೀನಸ್, ಸ್ಪೀಷೀಸ್. ಯಾರ ತಲೆಗೂ ಹತ್ತಲಿಲ್ಲ. ಮೊದಲ ಅಕ್ಷರಗಳನ್ನು ಹಿಡಿದು ನಾನೇ ಒಂದು ವಾಕ್ಯ ಹೊಸೆದೆ: "ಕಿಟ್ಟಪ್ಪ ಫೈಲು ಹಿಡಿದು ಕ್ಲಾಸಿಗೆ ಆಟೋದಲ್ಲಿ ಫ್ಯಾನು, ಜೀರಿಗೆ ಸ್ಪೀಡಾಗಿ ತಂದ."

ತರಗತಿಗೆ ಜೀವ ಬಂತು. ಪ್ರಶ್ನೆಗಳ ಮೇಲೆ ಪ್ರಶ್ನೆ.

"ಸರ, ಕ್ಲಾಸಿಗೆ ಜೀರಿಗಿ ಯಾಕ ತಂದಾನ್ರಿ?"

"ಸುಮ್ನ ತಂದಾನ. ನೀ ಬಾಯಿಪಾಠ ಮಾಡು."

"ಫ್ಯಾನ್ ಸೀಲಿಂಗಿಂದೋ, ಟೇಬಲ್ಲಿಂದೋ?"

ಆ ಮುಕ್ಕಾಲು ಗಂಟೆ ಕಿಟ್ಟಪ್ಪನ ಸಂಸಾರದ ವಿಚಾರಣೆಯಲ್ಲೇ ಕಳೆಯಿತು. ಟೆಸ್ಟಿನಲ್ಲಿ ಒಬ್ಬ, 'ಪ್ರಾಣಿಗಳನ್ನು ಮೊದಲು ವರ್ಗೀಕರಿಸಿದವನು ಕಿಟ್ಟಪ್ಪ' ಎಂದು ಬರೆದ. ಕುರಿಗಾರನ ಮಗಳು ಒಂದು ಅಕ್ಷರವನ್ನೂ ಬರೆದಿರಲಿಲ್ಲ. ಪುಟದ ತುಂಬ ಆಟೋದ ಚಿತ್ರ ಬಿಡಿಸಿದ್ದಳು. ಬಾಣದ ಗುರುತು ಹಾಕಿ ಭಾಗಗಳನ್ನೂ ಹೆಸರಿಸಿದ್ದಳು.

ನಾರಾಯಣಪೇಟೆಯಿಂದ ಗದ್ವಾಲಕ್ಕೆ

ಅಕ್ಷರದ ಸಹವಾಸವೇ ಬೇಡ, ಎಲ್ಲರಿಗೂ ಗೊತ್ತಿರುವ ಬಸ್ಸಿನ ದಾರಿ ಹಿಡಿಯೋಣ ಎಂದುಕೊಂಡೆ. ಅನ್ನ ಹೊಟ್ಟೆಯೊಳಗೆ ಹೋಗುವ ಪಾಠ. ನಾರಾಯಣಪೇಟೆ ಬಾಯಿ. ಊಟ್ಕೂರು ಅನ್ನನಾಳ. ಬಸ್ಸು ಬಹಳ ಹೊತ್ತು ನಿಂತು, ಜನರನ್ನೆಲ್ಲ ಅರೆದು ಕಲಸುವ ನಮ್ಮ ಮಕ್ತಲ್ ಜಠರ. ಅಮರಚಿಂತ ಸಣ್ಣ ಕರುಳು. ದೊಡ್ಡ ಕರುಳಿನ ಕೆಲಸ ನೀರು ಹಿಡಿದಿಡುವುದು, ಆದ್ದರಿಂದ ಜೂರಾಲ ಡ್ಯಾಮು. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ.

ಕೊನೆಯ ಸ್ಟಾಪು ಗದ್ವಾಲ. ಅದು ಯಾವ ಅಂಗವೆಂದು ನಾನು ಹೇಳಲೇ ಇಲ್ಲ, ಹೇಳುವ ಮೊದಲೇ ತರಗತಿ ನಗತೊಡಗಿತ್ತು.

ಮರುದಿನ ಗದ್ವಾಲದ ವಿದ್ಯಾರ್ಥಿಯೊಬ್ಬನ ತಾಯಿ ಕಾಲೇಜಿಗೇ ಬಂದರು.

"ಏನ್ರೀ ಸರ, ಮದುವಿ ಬಂದ್ರ ನಮ್ಮೂರ ಸೀರಿ ಬೇಕು. ಊರನ್ನ ಮಾತ್ರ ಒಯ್ದು ಅಲ್ಲಿ ಇಡ್ತೀರೇನು?"

ಕೈಮುಗಿದು, ಬಸ್ಸನ್ನು ತಿರುಗಿಸಿದೆ. ಈಗ ಗದ್ವಾಲ ಬಾಯಿ, ನಾರಾಯಣಪೇಟೆ ಕೊನೆಯ ಸ್ಟಾಪು. ನಾರಾಯಣಪೇಟೆಯವರಾದ ಸಸ್ಯಶಾಸ್ತ್ರದ ಮೇಡಂ ಅಂದಿನಿಂದ ನನಗೆ ಡಬ್ಬಿಯ ಉಪ್ಪಿನಕಾಯಿ ಕೊಡುವುದನ್ನು ನಿಲ್ಲಿಸಿದರು. ಅವರೂರಿನಲ್ಲೂ ಸೀರೆ ನೇಯುತ್ತಾರೆ ಎಂಬುದು ನನ್ನ ನೆನಪಿಗೆ ಬಂದದ್ದು ಆಮೇಲೆ. ಪರೀಕ್ಷೆಯಲ್ಲಿ ಅರ್ಧ ಮಕ್ಕಳ ಅನ್ನ ಸರಿಯಾಗಿ ಕೆಳಗಿಳಿಯಿತು. ಉಳಿದರ್ಧ ಮಕ್ಕಳದು ಕೆಳಗಿನಿಂದ ಹೊರಟು ಬಾಯಿಗೆ ಬಂತು.

ನಮ್ಮ ಹುಡುಗಿಯ ತೊಂದರೆಯೇ ಬೇರೆ. ಬಸ್ಸು ತಿರುಗುವ ಮೊದಲೇ, ನಾರಾಯಣಪೇಟೆ ಇನ್ನೂ ಬಾಯಿಯಾಗಿದ್ದಾಗಲೇ, ಕೇಳಿದ್ದಳು.

"ಸರ, ನಾ ನಾರಾಯಣಪೇಟಿಗಿಂತ ಹಿಂದ ದಾಮರಗಿದ್ದದಾಗ ಬಸ್ ಹತ್ತತೀನ್ರಿ. ಬಾಯಿಗಿಂತ ಹಿಂದ ಏನೈತ್ರಿ?"

ತಲೆ ಕೆಟ್ಟು ಗೊಬ್ಬರವಾಗಿತ್ತು. "ಉಣ್ಣೋ ತಾಟು," ಅಂದುಬಿಟ್ಟೆ.

ಪರೀಕ್ಷೆಯಲ್ಲಿ ಹಾಗೆಯೇ ಬರೆದಳು. 'ಮನುಷ್ಯನ ಜೀರ್ಣಾಂಗಗಳಲ್ಲಿ ಮೊದಲನೆಯದು ತಾಟು.'

ಹನ್ನೊಂದೋ, ಹನ್ನೆರಡೋ

ಆ ಉತ್ತರಪತ್ರಿಕೆ ಕೈಗೆ ಬಂದ ದಿನ ಹುಡುಗಿ ಅತ್ತಳು. "ಸರ, ಆಟೋನೂ ನಂದಲ್ಲ, ಬಸ್ಸೂ ನಂದಲ್ಲ. ನನಗ ಕುರಿ ಬಿಟ್ರ ಏನೂ ಗೊತ್ತಿಲ್ರಿ. ನಾ ಪುಣೆಕ್ಕ ಹೋಗಾಕ ಬೇಕು." ತಪ್ಪು ನನ್ನದೇ ಆಗಿತ್ತು.

"ಹಂಗಾದ್ರ ಕುರೀನ ಹಿಡಿ," ಎಂದೆ.

ಮಿದುಳಿನಿಂದ ಹೊರಡುವ ನರಗಳು ಹನ್ನೆರಡು ಜೋಡಿ. ಅವಳು ಹಿಂಡಿನಲ್ಲಿ ಹನ್ನೆರಡು ಕುರಿ ಆರಿಸಿದಳು. ಎಲ್ಲವನ್ನೂ ಮೂಸಿ ನೋಡುವ ಕುರಿ, ವಾಸನೆಯ ನರ ಆಲ್ಫ್ಯಾಕ್ಟರಿ. ಮಿಕಮಿಕ ನೋಡುವುದು, ಕಣ್ಣಿನ ಆಪ್ಟಿಕ್. ಹತ್ತನೆಯ ನರ ವೇಗಸ್ ಕುತ್ತಿಗೆಯಿಂದ ಹೊಟ್ಟೆಯವರೆಗೆ ಅಲೆಯುತ್ತದೆ, ಅದಕ್ಕೆ ಒಂದು ಕಡೆ ನಿಲ್ಲದ ಪುಂಡ ಟಗರು. ಸಂಜೆ ಹಟ್ಟಿಗೆ ಕೂಡುವಾಗ ಒಂದೊಂದನ್ನೇ ಕ್ರಮವಾಗಿ ಹೆಸರಿಟ್ಟು ಕರೆಯುವುದು, ಅಷ್ಟೇ ಓದು. ಹದಿನೈದು ದಿನಕ್ಕೆ ಅವಳ ಅಪ್ಪನಿಗೂ ಬಾಯಿಪಾಠವಾಯಿತು. "ಏ ಟ್ರೈಜೆಮಿನಲ್, ಬೆಳಿಗೆ ಬಾಯಿ ಹಾಕ್ತೀ?" ಎಂದು ಅವನು ಕಲ್ಲು ಬೀಸಿ ಗದರಿಸುವುದನ್ನು ಕೇಳಿ, ಫಾರಿನ್ ತಳಿ ತಂದಿದ್ದಾನೆಂದು ನೋಡಲು ಪಕ್ಕದ ಊರಿನವರೂ ಬಂದರಂತೆ. ನನ್ನ ಉಪಾಯವೊಂದು ಗೆದ್ದಿತೆಂದು ಬಹಳ ಬೀಗಿದೆ.

ಪ್ರಾಕ್ಟಿಕಲ್ ಪರೀಕ್ಷೆಗೆ ಹೊರಗಿನಿಂದ ಪರೀಕ್ಷಕರು ಬಂದರು. ಮರಿಕಲ್ ಕಡೆಯವರು, ಕನ್ನಡ ಬಲ್ಲವರು, ನಗು ಅರಿಯದವರು. ನಾನು ಪಕ್ಕದಲ್ಲಿ ಕೂತಿದ್ದೆ.

"ಮಿದುಳಿನ ನರ ಎಷ್ಟು ಜೋಡಿ?"

"ಹನ್ನೊಂದು ಸರ," ಅಂದಳು ಹುಡುಗಿ, ಜರಾ ಕೂಡ ಅಳುಕದೆ.

ಪರೀಕ್ಷಕರು ಪೆನ್ನೆತ್ತಿದರು. "ಹನ್ನೆರಡಲ್ಲೇನು?"

"ಹನ್ನೆರಡು ಇದ್ವು ಸರ. ಹೋದ ಐತವಾರದಿಂದ ಹನ್ನೊಂದೇ ಅದಾವ."

ಪರೀಕ್ಷಕರು ನನ್ನ ಮುಖ ನೋಡಿದರು. "ಸಿಲಬಸ್ ಬದಲಾಗೇತೇನ್ರೀ?" ಆ ಗಳಿಗೆಯಲ್ಲಿ ನನಗೂ ಖಾತ್ರಿ ಇರಲಿಲ್ಲ.

"ಒಂದು ಎಲ್ಲಿ ಹೋತಮ್ಮ?"

"ಬೀರಪ್ಪಗ ಕೊಟ್ಟಾರ್ರಿ."

"ಯಾವ ಬೀರಪ್ಪ?"

"ದೇವ್ರು ಸರ. ನಾ ಪಾಸಾಗ್ಲಿ ಅಂತ ಅಪ್ಪ ಹರಕಿ ಹೊತ್ತಿದ್ದ. ಕೈಗೆ ಸಿಕ್ಕಿದ್ದು ಹತ್ತನೇದು. ಒಂದು ವಾರದಿಂದ ಒಂಬತ್ತಾದ ಮ್ಯಾಲ ಹನ್ನೊಂದನೇದ್ನ ಕರೀತೀನಿ ಸರ, ನಡುವಿನ ಹೆಸರ ಬಾಯಿಗೆ ಬರವಲ್ದು."

ನಾನು ಒಂದೇ ಉಸಿರಿನಲ್ಲಿ ಕುರಿಗಳ ಕಥೆಯನ್ನೆಲ್ಲ ಹೇಳಿದೆ. ಪರೀಕ್ಷಕರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು, ಇಬ್ಬರಲ್ಲಿ ಹುಚ್ಚು ಯಾರಿಗೆ ಎಂದು ನೋಡಿದರು. ಕೊನೆಗೆ ಪೆನ್ನು ಕೆಳಗಿಟ್ಟರು.

"ಹನ್ನೆರಡೂ ಇದ್ದಾಗ ಸಂಜೀಕ ಹ್ಯಾಂಗ ಕರೀತಿದ್ದಿ? ಹಂಗ ಕರಿ ನೋಡೋಣು."

ಹುಡುಗಿ ಕಣ್ಣು ಮುಚ್ಚಿದಳು. ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದಳು. ಬಾಟಲಿಯೊಳಗಿನ ಕಪ್ಪೆಗಳೂ ಎದ್ದು ಬರಬೇಕು, ಅಂಥ ಕೂಗು. ಆಲ್ಫ್ಯಾಕ್ಟರಿ ಬಾ, ಆಪ್ಟಿಕ್ ಬಾ ಎನ್ನುತ್ತ ಒಂಬತ್ತು ದಾಟಿದಳು. ಅಲ್ಲಿ ದನಿ ಒಡೆಯಿತು.

"ವೇಗಸ್... ಎಲ್ಲಿ ಹೋದ್ಯೋ, ಬಾರೋ..."

ಅಳುತ್ತಲೇ ಹನ್ನೊಂದು, ಹನ್ನೆರಡನ್ನೂ ಹಟ್ಟಿಗೆ ಕೂಡಿದಳು. ನಾನೂ ಕಣ್ಣೊರೆಸಿಕೊಂಡೆ. ಪರೀಕ್ಷಕರು ಮಾರ್ಕ್ಸು ಬರೆದು, "ಮುಂದಿನವರ ಮನ್ಯಾಗ ಏನು ಸಾಕ್ಯಾರ?" ಎಂದು ಅಂಜಿಕೊಂಡೇ ಕೇಳಿದರು.

ಫಲಿತಾಂಶ ಬಂತು, ಹುಡುಗಿ ಪಾಸು. ಅಪ್ಪ ಪೇಡೆಯ ಡಬ್ಬಿ ಹಿಡಿದು ಬಂದ. ನನ್ನ ಸಂತೋಷಕ್ಕೆ ಮಿತಿಯಿರಲಿಲ್ಲ, ಅದರ ಭರದಲ್ಲಿ ಬಾಯಿ ಸುಮ್ಮನಿರಲಿಲ್ಲ.

"ಇನ್ನ ಮ್ಯಾಲ ಓದು ಗಟ್ಟಿ ಇರ್ತದಪ್ಪ. ನರ್ಸಿಂಗಿನಾಗ ಎಲುಬು ಕಲೀಬೇಕು. ಇನ್ನೂರಾ ಆರು."

ಅವನ ಮುಖ ಸಣ್ಣದಾಯಿತು. ಮೆಟ್ಟಿಲ ಮೇಲೆ ಕೂತು ಬೆರಳು ಮಡಚುತ್ತ ಬಹಳ ಹೊತ್ತು ಲೆಕ್ಕ ಹಾಕಿದ.

"ನನ್ನ ಹಂತ್ಯಾಕ ನಲವತ್ತು ಕುರಿ ಅದಾವ ಸರ. ಉಳದದ್ದು ಬೀಗರ ಹಿಂಡಿನಾಗಿಂದ ಹೊಂದಿಸ್ತೀನಿ. ಆದ್ರ ಬೀರಪ್ಪಗ ಕೊಡಾಕ ಯಾವ ಎಲುಬು ಇಲ್ದಿದ್ರೂ ನಡೀತದ, ಅದನ್ನ ಮಾತ್ರ ಈಗ ಹೇಳಿಬಿಡ್ರಿ."